ಮೂವತ್ತೇಳನೆಯ ಪೀಪಿ

ಹೊಳೆಯ ದಂಡೆಯ ಮೇಲೆ ಮಾದಯ್ಯ ಗುರುಗಳ ಆಶ್ರಮವಿತ್ತು. ಆಶ್ರಮವೆಂದರೆ ಒಂದು ಹಜಾರ, ಒಂದು ಅಡುಗೆಮನೆ, ಶಿಷ್ಯರಿಗೆ ನಾಲ್ಕು ಕೋಣೆ, ಉದ್ದನೆಯ ಜಗಲಿ, ಮತ್ತೊಂದು ದೊಡ್ಡ ಬೀರು. ಅಷ್ಟೇ.

ಬೇರೆ ಆಶ್ರಮಗಳ ಬೀರುವಿನಲ್ಲಿ ಶಾಸ್ತ್ರಗ್ರಂಥಗಳಿರುತ್ತವೆ. ಇಲ್ಲಿದ್ದದ್ದು ಮಕ್ಕಳ ಚಿತ್ರಕಥೆ ಪುಸ್ತಕಗಳು. ಮೂಗು ಮುರಿಯುವವರು ಮುರಿದರು. ಗುರುಗಳು ಅದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ.

"ಮನುಷ್ಯ ಮೊದಲು ಆಸೆಪಟ್ಟು ಕೈಗೆತ್ತಿಕೊಂಡ ಪುಸ್ತಕ ಇದು. ಇದನ್ನ ಹಿಡಿಯೋದು ಕಲಿತರೆ ಉಳಿದದ್ದು ನಿಧಾನಕ್ಕೆ ಬರುತ್ತೆ" ಎನ್ನುತ್ತಿದ್ದರು.

ಪುಸ್ತಕದ ಸ್ಥಿತಿಯನ್ನು ಅಲ್ಲಿ ಆಣೆಯಲ್ಲಿ ಹೇಳುವ ರೂಢಿ. ಅಚ್ಚಿನಮನೆಯಿಂದ ಆಗಷ್ಟೇ ಬಂದಂತಿದ್ದರೆ ಹದಿನಾರಾಣೆ. ಮೂಲೆ ಮಡಿಚಿದ್ದರೆ ಹದಿನಾಲ್ಕು. ಮುಖಪುಟ ಹರಿದಿದ್ದರೆ ಹತ್ತು. ಒಳಗಿನ ಹಾಳೆಯೇ ಕಳೆದಿದ್ದರೆ ಎಂಟಕ್ಕಿಂತ ಕೆಳಗೆ.

ಧರಣೇಂದ್ರ ಆಶ್ರಮಕ್ಕೆ ಬಂದ ದಿನವೇ ಕೇಳಿದ್ದ. ಹೈಸ್ಕೂಲು ಮೇಷ್ಟ್ರ ಕೆಲಸ ಬಿಟ್ಟು ಬಂದವನು, ಪ್ರಶ್ನೆ ಕೇಳುವುದರಲ್ಲಿ ಸಂಕೋಚವಿರಲಿಲ್ಲ.

"ಗುರುಗಳೇ, ಸಂಗ್ರಹ ಮಾಡೋನು ಎಷ್ಟಾಣೆವರೆಗೂ ಒಪ್ಕೋಬಹುದು? ಎಷ್ಟಕ್ಕಿಂತ ಕೆಳಗಿದ್ರೆ ಬೇಡ ಅನ್ನಬೇಕು?"

"ಹೊಳೆಗೆ ಹೋಗಿ ಕೈ ತೊಳ್ಕೊಂಡು ಬಾ."

ತೊಳೆದುಕೊಂಡು ಬಂದ. ಒರೆಸಿಕೊಳ್ಳಲು ಬಟ್ಟೆ ಹುಡುಕುವಷ್ಟರಲ್ಲಿ ಗುರುಗಳು ಬೀರುವಿನಿಂದ ಒಂದು ಪುಸ್ತಕ ತೆಗೆದು ಅವನ ಕೈಯಲ್ಲಿಟ್ಟುಬಿಟ್ಟರು. ಹೆಬ್ಬೆರಳಿನ ತೇವ ಮುಖಪುಟದ ಮೇಲೆ ಗುಂಡಗೆ ಮೂಡಿತು.

"ನಾನು ಕೊಟ್ಟಾಗ ಹದಿನಾರಾಣೆ ಇತ್ತು. ಈಗ ಎಷ್ಟು?"

"ಹದಿನೈದು ಗುರುಗಳೇ. ತಪ್ಪಾಯ್ತು."

"ಇದರಲ್ಲಿ ತಪ್ಪೇನು ಬಂತು? ಓದು" ಎಂದು ಗುರುಗಳು ಒಳಗೆ ಹೋದರು.

ಧರಣೇಂದ್ರ ಓದಲಿಲ್ಲ. ಬೆರಳಿನ ಗುರುತನ್ನೇ ನೋಡುತ್ತ ಕುಳಿತ. ಮುಟ್ಟಿದರೆ ಆಣೆ ಇಳಿಯುತ್ತದೆ, ಆದ್ದರಿಂದ ಮುಟ್ಟಬಾರದು. ಗುರುಗಳು ಕಲಿಸಿದ ಪಾಠ ಇದೇ ಎಂದುಕೊಂಡ. ಪುಣ್ಯಾತ್ಮ ಒಂಬತ್ತು ವರ್ಷ ಹಾಗೇ ಅಂದುಕೊಂಡಿದ್ದ.

ಆಶ್ರಮದಲ್ಲಿ ಎಲ್ಲರಿಗೂ ಆಸೆ ಇದ್ದದ್ದು 'ಪೀಪಿ'ಯ ಮೇಲೆ. ಅದೊಂದು ಹಳೆಯ ಕಾಲದ ಮಾಸಿಕ ಚಿತ್ರಕಥೆ. ಅರವತ್ನಾಲ್ಕು ಸಂಚಿಕೆ ಬಂದು ನಿಂತುಹೋಗಿತ್ತು. ಗುರುಗಳು ಬಾಲ್ಯದಲ್ಲಿ ಕೂಡಿಟ್ಟ ಪೀಪಿಗಳೆಲ್ಲ ಒಂದು ನೆರೆಯಲ್ಲಿ ಹೊಳೆಪಾಲಾಗಿದ್ದವು.

ಗುರುಗಳ ಕಣ್ಣು ಮಂಜಾಗತೊಡಗಿದ ವರ್ಷ ಶಿಷ್ಯರನ್ನು ಕೂಡಿಸಿ ಹೇಳಿದರು.

"ಅರವತ್ನಾಲ್ಕು ಪೀಪಿ ಯಾರ ಹತ್ರ ಕೂಡುತ್ತೋ, ಈ ಬೀರುವಿನ ಕೀಲಿಕೈ ಅವರಿಗೆ. ನನ್ನ ನಂತರ ಇದನ್ನೆಲ್ಲ ನೋಡ್ಕೊಳ್ಳೋರು ಅವರೇ."

ಕೀಲಿಕೈ ತನ್ನದೇ ಎಂದು ಧರಣೇಂದ್ರನಿಗೆ ಅಂದೇ ಖಾತ್ರಿಯಾಗಿತ್ತು. ಅವನ ಟ್ರಂಕಿನಲ್ಲಿ ಐವತ್ತೆಂಟು ಪೀಪಿಗಳಿದ್ದವು. ಒಂದೊಂದೂ ಹದಿನಾರಾಣೆ. ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ, ಅದರ ಬಾಯಿಗೆ ಅಂಟುಪಟ್ಟಿ. ಹದಿನೈದಾಣೆಯ ಪುಸ್ತಕವನ್ನು ಯಾರಾದರೂ ಧರ್ಮಕ್ಕೆ ಕೊಡುತ್ತೇನೆಂದರೂ ಅವನು ಬೇಡವೆನ್ನುತ್ತಿದ್ದ.

ಆಮೇಲೆ ದೇವೀರಮ್ಮ ಬಂದಳು.

ಅಂಗನವಾಡಿಯಲ್ಲಿ ಮೂವತ್ತು ವರ್ಷ ಸಾರು ಕುದಿಸಿ ನಿವೃತ್ತಳಾದ ಹೆಂಗಸು. ಬಂದದ್ದು ಆಶ್ರಮದ ಅಡುಗೆಗೆ. ಅಕ್ಷರವೂ ಸರಿಯಾಗಿ ಬರುತ್ತಿರಲಿಲ್ಲ. ಗುರುಗಳು ಆಮೇಲೆಲ್ಲೋ ಸಿಕ್ಕಿದ್ದ ಪೀಪಿಯ ಒಂದು ಹರಕು ಸಂಚಿಕೆ ಕೊಟ್ಟು ಅದರಲ್ಲೇ ಓದು ಕಲಿಸಿದರು. ಕಲಿತವಳು ಸುಮ್ಮನಿರದೆ ತಾನೂ ಕೂಡಿಡಲು ಶುರು ಮಾಡಿದಳು.

ಅವಳಿಗೆ ಆಣೆಯ ಹಂಗೇ ಇರಲಿಲ್ಲ. ಇಲಿ ಕಡಿದದ್ದು, ಕಾಫಿ ಚೆಲ್ಲಿದ್ದು, ಯಾವುದೋ ಮಗು ಎಲ್ಲ ಮುಖಗಳಿಗೂ ಮೀಸೆ ಬರೆದದ್ದು, ಎಲ್ಲವೂ ಸೈ. ಮೈದಾ ಅಂಟು ಕಾಯಿಸಿ ಹರಿದದ್ದನ್ನು ಮೆತ್ತುವಳು.

"ನಾಲ್ಕಾಣೆಯದನ್ನೆಲ್ಲ ಯಾಕಕ್ಕ ಸೇರಿಸ್ಕೋತೀರ?" ಎಂದು ಧರಣೇಂದ್ರ ಒಮ್ಮೆ ಕೇಳಿದ್ದ.

"ಕಥೆ ಇದೆಯಲ್ಲಪ್ಪ ಒಳಗೆ."

ಮೂರು ವರ್ಷದಲ್ಲಿ ಅವಳ ಹತ್ತಿರ ಅರವತ್ಮೂರು ಕೂಡಿದವು.

ಅದೊಂದನ್ನು ಧರಣೇಂದ್ರ ಹೇಗೋ ನುಂಗಿಕೊಳ್ಳುತ್ತಿದ್ದ. ನುಂಗಲಾಗದ್ದು ಬೇರೆ ಇತ್ತು.

ಮಧ್ಯಾಹ್ನ ನಾಲ್ಕಕ್ಕೆ ಮಜ್ಜಿಗೆ ಕುಡಿದು ಗುರುಗಳು ಜಗಲಿಯಲ್ಲಿ ಕೂರುವರು. ದೇವೀರಮ್ಮ ಪಕ್ಕದಲ್ಲಿ ಕುಳಿತು ಒಂದು ಪೀಪಿ ತೆರೆದು ಓದುವಳು. ಅಕ್ಷರಕ್ಕೆ ಅಕ್ಷರ ಕೂಡಿಸಿ, ತಡವರಿಸಿ, ಚಿತ್ರದಲ್ಲಿ ಏನಿದೆಯೆಂದು ಬೆರಳಿಟ್ಟು ವಿವರಿಸಿ ಓದುವಳು. ಗುರುಗಳು ನಗುವರು. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವ ತನಕ ನಗುವರು.

ಆ ನಗು ಧರಣೇಂದ್ರನ ಕೋಣೆಗೆ ಕೇಳುತ್ತಿತ್ತು. ಪ್ರತಿ ಸಲವೂ ಅವನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಒಂಬತ್ತು ವರ್ಷ ಸೇವೆ ಮಾಡಿದವನು ತಾನು. ತಾನು ಓದಿದರೆ ಒಂದು ಒತ್ತಕ್ಷರ ತಪ್ಪುವುದಿಲ್ಲ. ಸಾರು ಕುದಿಸುವವಳು ತೊದಲಿದರೆ ಇವರಿಗೆ ಇಷ್ಟು ಸಂತೋಷವೇ?

ನ್ಯಾಯವಾಗಿ ಹೇಳಬೇಕೆಂದರೆ ಗುರುಗಳು ಅವನನ್ನೂ ಕರೆದಿದ್ದರು, ಒಮ್ಮೆ.

"ನಿನ್ನ ಇಪ್ಪತ್ತೆರಡನೇ ಪೀಪಿ ತಗೊಂಡು ಬಾರಪ್ಪ. ಓದು, ಕೇಳೋಣ."

"ಅದನ್ನ ತೆರೆದ್ರೆ ಬೆನ್ನು ಬಿರುಕು ಬಿಡುತ್ತೆ ಗುರುಗಳೇ."

"ಹೌದಲ್ವ" ಎಂದಿದ್ದರು ಗುರುಗಳು. ಮತ್ತೆ ಕರೆಯಲಿಲ್ಲ.

ದೇವೀರಮ್ಮನ ಹತ್ತಿರ ಇಲ್ಲದ ಒಂದು ಸಂಚಿಕೆ ಮೂವತ್ತೇಳು. ಅದು ಯಾರ ಹತ್ತಿರವೂ ಇರಲಿಲ್ಲ. ಮೂವತ್ತನೆಯ ಸಂಚಿಕೆಯಲ್ಲಿ ಶುರುವಾದ ಅಜ್ಜಿ ಮತ್ತು ಮೊಸಳೆಯ ಕಥೆ ಅದರಲ್ಲಿ ಮುಗಿಯುತ್ತಿತ್ತು. ಗುರುಗಳು ಹುಡುಗನಾಗಿದ್ದಾಗಲೂ ಆ ಒಂದು ಸಂಚಿಕೆ ಅವರ ಊರಿಗೆ ಬಂದಿರಲಿಲ್ಲ.

"ಆ ಅಜ್ಜಿ ಹೊಳೆ ಮಧ್ಯದಲ್ಲಿ ನಿಂತು ಅರವತ್ತು ವರ್ಷ ಆಯ್ತು. ಏನಾದಳೋ" ಎಂದು ಆಗಾಗ ಹೇಳಿಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಪೇಟೆಯ ಗುಜರಿ ಅಂಗಡಿಯ ಬೆಳ್ಳಯ್ಯ ಮೊಪೆಡ್ ಏರಿಕೊಂಡು ಬಂದ.

ಹೊರಗಿನಿಂದ ಬಂದ ಪುಸ್ತಕ ನೇರವಾಗಿ ಒಳಗೆ ಹೋಗುವ ಹಾಗಿಲ್ಲ. ಜಗಲಿಯ ಚಪ್ಪಡಿಯ ಮೇಲಿಡಬೇಕು. ವಾರಕ್ಕೊಬ್ಬರಂತೆ ಶಿಷ್ಯರಿಗೆ ಆಣೆ ಹೇಳುವ ಸರದಿ. ಎಷ್ಟಾಣೆಯಾದರೂ ಒಪ್ಪುವುದು ಬಿಡುವುದು ಬೇಕೆಂದವರಿಗೆ ಸೇರಿದ್ದು. ಬೂಷ್ಟು ಹಿಡಿದದ್ದಕ್ಕೆ ಮಾತ್ರ ಬೇರೆ ಕ್ರಮ. ಅದು ಉಳಿದ ಪುಸ್ತಕಗಳಿಗೂ ಹತ್ತುತ್ತದೆ. ಹೋಗುವ ಬೂಷ್ಟಾದರೆ 'ಗಾಳಿಗೆ' ಎನ್ನಬೇಕು. ಎಂಟು ದಿನ ಜಗಲಿಯ ನೆರಳಿನಲ್ಲಿ ಬಿಚ್ಚಿಟ್ಟು, ಯಾರಾದರೂ ಪಕ್ಕ ಕುಳಿತು ಒಂದೊಂದೇ ಹಾಳೆ ತಿರುವುತ್ತ ಗಾಳಿಯಾಡಿಸಿ ಆಮೇಲೆ ಒಳಗೆ ತರಬೇಕು. ಹೋಗದ ಬೂಷ್ಟಾದರೆ 'ಬೇಡ'. ಆಣೆ ಹೇಳಿದವರ ಮಾತಿನ ಮೇಲೆ ಮಾತಿಲ್ಲ. ಗುರುಗಳೂ ಎದುರಾಡುತ್ತಿರಲಿಲ್ಲ.

ಆ ವಾರದ ಸರದಿ ಧರಣೇಂದ್ರನದು, ಅಂದು ಅದರ ಕೊನೆಯ ದಿನ.

ಬೆಳ್ಳಯ್ಯ ಚೀಲದಿಂದ ಒಂದು ಪುಸ್ತಕ ತೆಗೆದು ಚಪ್ಪಡಿಯ ಮೇಲಿಟ್ಟ. ದೇವೀರಮ್ಮ ಅಕ್ಕಿಹಿಟ್ಟಿನ ಕೈಯಲ್ಲೇ ಓಡಿಬಂದಳು. ಒಂದು ವರ್ಷದಿಂದ ಅವನಿಗೆ ಹೇಳಿಟ್ಟಿದ್ದವಳು ಅವಳೇ.

ಪೀಪಿ. ಸಂಚಿಕೆ ಮೂವತ್ತೇಳು.

"ಯಾರದು ಬಂದದ್ದು?" ಒಳಗಿನಿಂದ ಗುರುಗಳು ಕೇಳಿದರು.

"ನಮ್ಮ ಬೆಳ್ಳಯ್ಯ ಗುರುಗಳೇ. ಇರಿ, ಆಮೇಲೆ ಹೇಳ್ತೀನಿ" ಎಂದು ದೇವೀರಮ್ಮ ದನಿ ತಗ್ಗಿಸಿದಳು. "ಈಗಲೇ ಹೇಳೋದು ಬೇಡ ಧರಣಪ್ಪ. ನಾಲ್ಕು ಗಂಟೆಗೆ ಓದೋಕೆ ಕೂತಾಗ ಇದನ್ನೇ ತೆಗೀತೀನಿ. ಅವರ ಮುಖ ನೋಡಬೇಕು."

ಧರಣೇಂದ್ರ ಪುಸ್ತಕ ಎತ್ತಿಕೊಂಡ. ಮುಖಪುಟ ಅರ್ಧ ಹರಿದಿತ್ತು. ಮೊಸಳೆಗೆ ಯಾರೋ ಪೆನ್ಸಿಲಿನಲ್ಲಿ ಕನ್ನಡಕ ಬರೆದಿದ್ದರು. ಹಾಳೆಗಳನ್ನು ಎಣಿಸಿದ, ಒಂದೂ ತಪ್ಪಿರಲಿಲ್ಲ. ಮೂಗಿಗೆ ಹಿಡಿದ. ಹಳೆಯ ಕಾಗದದ ವಾಸನೆ ಬಿಟ್ಟರೆ ಬೇರೇನಿಲ್ಲ.

ಹತ್ತಾಣೆ. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಆಗ ಅವನಿಗೆ ನಾಲ್ಕು ಗಂಟೆಯ ನಗು ಕೇಳಿಸಿತು. ಇನ್ನೂ ನಗದೇ ಇದ್ದ ನಗು. ಅರವತ್ತು ವರ್ಷ ಕಾದಿಟ್ಟ ನಗು ಈ ಅಕ್ಕಿಹಿಟ್ಟಿನ ಕೈಗೆ ಸಿಗಬೇಕೆ? ಜೊತೆಗೆ ಕೀಲಿಕೈಯೂ?

"ಎರಡಾಣೆ" ಎಂದ. "ಬೂಷ್ಟು ಹಿಡಿದಿದೆ."

ದೇವೀರಮ್ಮನ ಮುಖ ಇಳಿದುಹೋಯಿತು. "ಎಂಟು ದಿನ ಗಾಳಿಗಿಟ್ರೆ?"

"ಇದು ಗಾಳಿಗೆ ಹೋಗೋ ಬೂಷ್ಟಲ್ಲ ಅಕ್ಕ. ಒಳಗೆ ಬಂದ್ರೆ ಉಳಿದದ್ದಕ್ಕೂ ಹತ್ತುತ್ತೆ. ಬೇಡ."

ಅವಳು ಪುಸ್ತಕ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದಳು. ಮತ್ತೊಮ್ಮೆ ಹಿಡಿದಳು. ಸೆರಗಿನಿಂದ ಮುಖಪುಟದ ಮೇಲಿನ ಹಿಟ್ಟು ಒರೆಸಿ ಬೆಳ್ಳಯ್ಯನಿಗೆ ವಾಪಸು ಕೊಟ್ಟಳು.

"ಬೇಡ ಕಣಪ್ಪ. ಕಷ್ಟಪಟ್ಟು ತಂದೆ, ಒಂದು ಲೋಟ ಮಜ್ಜಿಗೆ ಕುಡ್ಕೊಂಡು ಹೋಗು."

ಆ ಮಧ್ಯಾಹ್ನ ಅವಳು ಹನ್ನೆರಡನೆಯ ಪೀಪಿಯನ್ನೇ ಮತ್ತೆ ಓದಿದಳು. ಗುರುಗಳು ಅದಕ್ಕೂ ಬಿದ್ದು ಬಿದ್ದು ನಕ್ಕರು. ಧರಣೇಂದ್ರನಿಗೆ ಗೆದ್ದ ಸಮಾಧಾನವೂ ದಕ್ಕಲಿಲ್ಲ.

ಮರುದಿನ ಅವನು ಬೆಳಗಿನ ಬಸ್ಸಿಗೇ ಪೇಟೆಗೆ ಹೊರಟ. ಅವನ ಮನಸ್ಸಿನಲ್ಲಿದ್ದದ್ದು ಪಶ್ಚಾತ್ತಾಪ ಎಂದುಕೊಳ್ಳಬೇಡಿ. ಪುಸ್ತಕವನ್ನು ತಾನೇ ತಂದು, ಬೇರೆಲ್ಲೋ ಇನ್ನೊಂದು ಪ್ರತಿ ಸಿಕ್ಕಿತೆಂದು ಗುರುಗಳ ಕೈಯಲ್ಲಿಡುವುದು, ತಾನೇ ಓದಿ ಹೇಳುವುದು, ಆ ನಗುವನ್ನು ತಾನೇ ಪಡೆಯುವುದು. ಬಸ್ಸಿನುದ್ದಕ್ಕೂ ಇದೇ ಲೆಕ್ಕಾಚಾರ.

ಬೆಳ್ಳಯ್ಯ ಅಂಗಡಿಯ ಮುಂದೆ ಗೋಣಿಚೀಲ ಹೊಲಿಯುತ್ತಿದ್ದ.

"ನಿನ್ನೆಯ ಪುಸ್ತಕ ಎಲ್ಲಿ?"

"ನೀವೇ ಬೇಡ ಅಂದ್ರಲ್ಲ ಸ್ವಾಮಿ."

"ಈಗ ಬೇಕು."

"ಬೂಷ್ಟು ಹಿಡಿದಿದ್ದನ್ನ ಇಟ್ಕೊಂಡು ನಾನೇನು ಮಾಡ್ಲಿ? ಪಿನ್ನು ಕಿತ್ತು ರದ್ದಿಗೆ ಹಾಕಿದೆ. ಲಾರಿ ಬೆಳಿಗ್ಗೆ ಬೇಗನೇ ಬಂದು ತುಂಬ್ಕೊಂಡು ಹೋಯ್ತು." ಧರಣೇಂದ್ರನ ಮುಖ ನೋಡಿ ಅವನಿಗೇ ಅಯ್ಯೋ ಅನಿಸಿತು. "ಎದುರುಗಡೆ ಬೋಂಡದಂಗಡಿಯಮ್ಮ ಒಂದಷ್ಟು ಹಾಳೆ ತಗೊಂಡ್ರು. ನೋಡಿ, ಇದ್ರೂ ಇರಬಹುದು."

ಬೋಂಡದಂಗಡಿಯಲ್ಲಿ ಒಂದು ಹಾಳೆ ಉಳಿದಿತ್ತು, ಅದರ ಮೇಲೆ ಎರಡು ಬೋಂಡ. ಧರಣೇಂದ್ರ ಬೋಂಡ ಎತ್ತಿಟ್ಟು ಹಾಳೆ ತೆಗೆದುಕೊಂಡ. ಅದು ಕೊನೆಯ ಪುಟ.

ಬಸ್ಸಿನಲ್ಲಿ ಕುಳಿತು ಓದಿದ. ಅವನು ಜೀವಮಾನದಲ್ಲಿ ಓದಿದ ಮೊದಲ ಪೀಪಿಯ ಪುಟ ಅದು. ಒಂದೂ ಅರ್ಥವಾಗಲಿಲ್ಲ. ಈ ಅಜ್ಜಿ ಯಾರು? ಬುಟ್ಟಿ ಯಾಕೆ ಖಾಲಿ? ಮೊಸಳೆ ಏನು ಕೇಳುತ್ತಿದೆ?

ಕೋಣೆಗೆ ಬಂದು ಟ್ರಂಕು ತೆರೆದ. ಮೂವತ್ತರಿಂದ ಮೂವತ್ತಾರರವರೆಗೆ ಏಳು ಸಂಚಿಕೆಗಳು ಅವನ ಹತ್ತಿರ ಎಂದಿನಿಂದಲೋ ಇದ್ದವು. ಅಂಟುಪಟ್ಟಿ ಕಿತ್ತ. ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದ. ಮೂವತ್ತನೆಯದರ ಬೆನ್ನು ಚಟ್ಟೆಂದಿತು.

ಅಜ್ಜಿಗೆ ಆಚೆ ದಡದ ಮಗಳ ಮನೆಗೆ ಹೋಗಬೇಕು. ದೋಣಿಯಿಲ್ಲ. ಮೊಸಳೆ ದಾಟಿಸುತ್ತೇನೆ ಎನ್ನುತ್ತದೆ, ಆದರೆ ನಾಲ್ಕು ಮಾರಿಗೊಮ್ಮೆ ನಿಂತು ಬುಟ್ಟಿಯಲ್ಲಿರುವುದರಲ್ಲಿ ಒಳ್ಳೆಯದನ್ನು ಕೊಡು ಎನ್ನುತ್ತದೆ. ಅಜ್ಜಿ ಪ್ರತಿ ಸಲವೂ ಇದ್ದುದರಲ್ಲಿ ಸೊಟ್ಟ ಬದನೆಕಾಯಿ, ಒಡಕು ತೆಂಗಿನಕಾಯಿ ಕೊಟ್ಟು ಇದೇ ಒಳ್ಳೆಯದೆಂದು ನಂಬಿಸುತ್ತಾಳೆ. ಧರಣೇಂದ್ರನಿಗೆ ನಗು ಬಂತು. ಬೆರಳಿನ ಬೆವರು ಹಾಳೆಗೆ ಅಂಟುತ್ತಿದ್ದುದು ಅವನ ಗಮನಕ್ಕೇ ಬರಲಿಲ್ಲ.

ಮೂವತ್ತಾರರ ಕೊನೆಗೆ ಬುಟ್ಟಿ ಖಾಲಿ. ಸುತ್ತ ನೀರು. ಮೊಸಳೆ ಬಾಯಿ ತೆರೆದಿದೆ.

ಮುಂದೇನಾಯಿತೆಂದು ಅವನ ಕೈ ಮೂವತ್ತೇಳನೆಯದಕ್ಕೆ ತಡಕಾಡಿತು. ಸಿಕ್ಕಿದ್ದು ಎಣ್ಣೆಯ ಹಾಳೆ, ಒಂದೇ ಒಂದು.

ಧರಣೇಂದ್ರ ಅಳತೊಡಗಿದ್ದು ಆಗ.

ನಾಲ್ಕು ಗಂಟೆಗೆ ಜಗಲಿಗೆ ಹೋದ. ದೇವೀರಮ್ಮ ಯಾವುದೋ ಪೀಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅವನು ಹಾಳೆಯನ್ನು ಚಪ್ಪಡಿಯ ಮೇಲಿಟ್ಟ.

"ಯಾರು, ಧರಣೇಂದ್ರನಾ?" ಗುರುಗಳು ಮೂಗು ಅರಳಿಸಿದರು. "ಬೋಂಡದ ವಾಸನೆ ಬರ್ತಿದೆಯಲ್ಲ."

"ಒಂದು ಹಾಳೆ ತಂದಿದ್ದೀನಿ ಗುರುಗಳೇ."

"ಎಷ್ಟಾಣೆ?"

"ಒಂದಾಣೆಯೂ ಇಲ್ಲ. ಮೂವತ್ತೇಳರ ಕೊನೇ ಪುಟ. ನಿನ್ನೆ ಬೆಳಿಗ್ಗೆ ಈ ಚಪ್ಪಡಿ ಮೇಲೆ ಪೂರ್ತಿ ಪುಸ್ತಕ ಇತ್ತು. ಹತ್ತಾಣೆ ಇತ್ತು. ಅಕ್ಕನಿಗೆ ಸೇರಬೇಕಾದದ್ದು. ಬೂಷ್ಟು ಹಿಡಿದಿದೆ ಅಂತ ನಾನು ಸುಳ್ಳು ಹೇಳಿದೆ. ಉಳಿದದ್ದು ರದ್ದಿಗೆ ಹೋಯ್ತು."

ದೇವೀರಮ್ಮ ತೊಡೆಯ ಮೇಲಿದ್ದ ಪೀಪಿಯನ್ನು ಮುಚ್ಚಿಟ್ಟಳು.

"ನನ್ನ ಮೂಗೇ ಹೋಯ್ತು ಅಂದ್ಕೊಂಡೆ" ಎಂದಳು ದೇವೀರಮ್ಮ. "ಇವತ್ತು ಒಗ್ಗರಣೆಗೆ ಇಂಗು ಹಾಕಿ, ವಾಸನೆ ಬರುತ್ತಾ ಅಂತ ಬಗ್ಗಿ ನೋಡ್ದೆ. ಬಂತು. ಆದ್ರೂ ನಿಮ್ಮ ಮಾತೇ ನಿಜ ಅಂದ್ಕೊಂಡೆ. ಓದಿದೋರಲ್ವಾ ನೀವು."



"ಸುಳ್ಳು ಯಾಕೆ ಹೇಳಿದೆ?" ಗುರುಗಳು ಕೇಳಿದರು.

"ಹೊಟ್ಟೆಕಿಚ್ಚು ಗುರುಗಳೇ. ಅವರು ಓದಿದಾಗ ನೀವು ನಗ್ತೀರಲ್ಲ, ಅದಕ್ಕೆ."

"ಸರಿ. ಓದು."

ಅವನು ಹಾಳೆ ಎತ್ತಿಕೊಂಡ. ಅಕ್ಷರಕ್ಕೆ ಅಕ್ಷರ ಕೂಡಿಸುವವನ ಹಾಗೆ ತಡವರಿಸಿದ.

"ಮೊದಲನೇ ಚಿತ್ರದಲ್ಲಿ ಮೊಸಳೆ ಕೇಳುತ್ತೆ, 'ಬುಟ್ಟಿ ಖಾಲಿ, ಈಗೇನು ಕೊಡ್ತೀಯ ಅಜ್ಜಿ?' ಎರಡನೇದರಲ್ಲಿ ಅಜ್ಜಿ, 'ಎಲ್ಲಕ್ಕಿಂತ ಒಳ್ಳೇದನ್ನ ಕೊನೆಗೆ ಅಂತ ಇಟ್ಟಿದ್ದೆ, ಕಣ್ಣು ಮುಚ್ಚು' ಅಂತಾಳೆ."

"ಮೂರನೇದು?"

"ಕಾಣಲ್ಲ. ಎಣ್ಣೆ."

"ನಾಲ್ಕು?"

"ಅಜ್ಜಿ ಆಚೆ ದಡದಲ್ಲಿ ಕೂತು ಕೂದಲು ಒಣಗಿಸ್ಕೋತಿದಾಳೆ. ಮೊಸಳೆ ಬುಟ್ಟಿಯನ್ನ ತಲೆ ಮೇಲೆ ಮಗುಚಿ ಹಾಕ್ಕೊಂಡು, ಟೋಪಿ ಹೇಗಿದೆ ಅಂತ ನೀರಲ್ಲಿ ಮುಖ ನೋಡ್ಕೋತಿದೆ."

"ದಾಟಿದಳಾ?"

"ದಾಟಿದಳು ಗುರುಗಳೇ."

ಗುರುಗಳು ನಕ್ಕರು. ಕೆಮ್ಮು ಬಂತು, ಆದರೂ ನಕ್ಕರು, ಕಣ್ಣೊರೆಸಿಕೊಂಡರು. ಧರಣೇಂದ್ರ ಮೂರು ವರ್ಷ ಬಯಸಿದ್ದ ನಗು ಅವನ ಎದುರಿಗೇ ಇತ್ತು. ಅವನಿಗೆ ಅದನ್ನು ನೋಡಲಾಗಲಿಲ್ಲ.

ಗುರುಗಳು ಸೊಂಟದಿಂದ ಕೀಲಿಕೈ ಬಿಚ್ಚಿ ದೇವೀರಮ್ಮನ ಕಡೆ ಚಾಚಿದರು.

"ಅರವತ್ನಾಲ್ಕು ಎಲ್ಲಿ ಆಯ್ತು ಗುರುಗಳೇ?" ಎಂದಳು ಅವಳು. "ಮೂವತ್ತೇಳು ಒಂದೇ ಹಾಳೆಯಲ್ವಾ?"

"ಆ ಹಾಳೆ ನಿನಗೆ ಬೇಕೋ ಬೇಡವೋ?"

ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಬೇಕು. ಅಕ್ಕಿಹಿಟ್ಟು ಉದುರಿಸಿಟ್ರೆ ಎಣ್ಣೆ ಒಂಚೂರು ಹೀರ್ಕೊಳ್ಳುತ್ತೆ."

"ಹಾಗಾದ್ರೆ ಆಯ್ತು."

ಕೀಲಿಕೈ ಅವಳ ಸೆರಗಿನ ತುದಿ ಸೇರಿತು. ಧರಣೇಂದ್ರ ಬಾಗಿ ಗುರುಗಳ ಕಾಲು ಮುಟ್ಟಿದ.

"ನಾನು ಹೊರಡ್ತೀನಿ ಗುರುಗಳೇ."

"ಯಾಕೆ?"

"ಬೂಷ್ಟು ಇದ್ದದ್ದು ನನ್ನೊಳಗೆ. ಇಲ್ಲೇ ಇದ್ರೆ ಉಳಿದವರಿಗೂ ಹತ್ತುತ್ತೆ. ಇದು ಗಾಳಿಗೆ ಹೋಗೋದಲ್ಲ."

"ಇವತ್ತಿಂದ ಆಣೆ ಹೇಳೋ ಸರದಿ ಯಾರದು?"

"ದೇವೀರಕ್ಕಂದು."

"ಮತ್ತೆ ನೀನ್ಯಾಕೆ ಹೇಳ್ತಿದೀಯ?"

ಧರಣೇಂದ್ರ ಚಪ್ಪಡಿಯ ಪಕ್ಕ ನಿಂತೇ ಇದ್ದ. ದೇವೀರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸಿಟ್ಟು ಅವಳಿಗಿನ್ನೂ ಇಳಿದಿರಲಿಲ್ಲ, ಅದನ್ನವಳು ಮುಚ್ಚಿಡಲೂ ಇಲ್ಲ. ಕೀಲಿಕೈಯ ಗಂಟನ್ನು ಎರಡು ಸಲ ಬಿಗಿ ಮಾಡಿದಳು.

"ಗಾಳಿಗೆ" ಎಂದಳು ಕೊನೆಗೆ.

ಗುರುಗಳು ಜಗಲಿಯ ಮೇಲೆ ಕೈಯಾಡಿಸಿ, ತಮ್ಮ ಪಕ್ಕ ಒಂದಿಷ್ಟು ಜಾಗ ಬಿಟ್ಟುಕೊಟ್ಟರು.

"ಎಂಟು ದಿನ ಇಲ್ಲೇ ಕೂತ್ಕೋಳಪ್ಪ. ದೇವೀರಮ್ಮ, ಹಾಳೆ ತಿರುವೋಕೆ ಇವನ ಪಕ್ಕ ನೀನೇ ಕೂತ್ಕೋಬೇಕು."